ಕಸ ಬಳಿಯುವ ಮುನ್ನ ಕೋಳಿ ಹಿಕ್ಕೆ ನೋಡಿರಿ

(ಸವಡಿಯಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಎಮ್ಮೆಯ ಸೆಗಣಿ ತೆಳ್ಳಗಾದರೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇವು ಬದಲಾಯಿತೋ, ಹೊಟ್ಟೆಯಲ್ಲಿ ಹುಳು ಆಯಿತೋ ಎಂದು ಕೂಡಲೇ ವಿಚಾರಿಸುತ್ತೀರಿ. ಆದರೆ ಅದೇ ಹಿತ್ತಲಿನಲ್ಲಿ ಹತ್ತು ಹದಿನೈದು ಜವಾರಿ ಕೋಳಿಗಳಿರುತ್ತವೆ. ಅವುಗಳ ಹಿಕ್ಕೆಯನ್ನು ನಾವು ಯಾರೂ ನೋಡುವುದಿಲ್ಲ. ನಸುಕಿನಲ್ಲೇ ಕಸದ ಜೊತೆ ಬಳಿದು ತಿಪ್ಪೆಗೆ ಹಾಕಿಬಿಡುತ್ತೇವೆ. ಇಂದು ಆ ಹಿಕ್ಕೆಯ ಬಗ್ಗೆಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಗಬೇಡಿರಿ. ತತ್ತಿ ಮಾರಿದ ದುಡ್ಡು ಮನೆಯ ಹೆಣ್ಣುಮಗಳ ಕೈಯಲ್ಲಿ ಉಳಿಯುವ ದುಡ್ಡು.

ಕೆಲವು ವರ್ಷಗಳ ಹಿಂದೆ ಒಂದು ಊರಿಗೆ ಕರೆ ಬಂದು ಹೋಗಿದ್ದೆ. ನಾನು ಹೋಗುವಷ್ಟರಲ್ಲಿ ಒಂದು ಓಣಿಯ ಕೋಳಿಗಳೆಲ್ಲ ಸತ್ತಿದ್ದವು. ಮೊದಲು ರೋಗ ಕಾಣಿಸಿದ ಮನೆಯ ತಾಯಿ ಹೇಳಿದರು: "ಬುಟ್ಟಿ ಎತ್ತಿದಾಗ ಹಸರ ನೀರಿನಂಗ ಹೇತಿದ್ದು ಕಂಡಿತ್ರೀ. ಸೊಪ್ಪು ತಿಂದಿರಬೇಕು ಅಂತ ಕಸದ ಕೂಡ ಬಳದು ಒಗದೆ." ಎರಡು ದಿನಕ್ಕೆ ಕೋಳಿಗಳು ಮಂಕಾದಾಗ, ಸತ್ತು ಹೋದಾವೆಂದು ಹೆದರಿ ಆರು ಕೋಳಿಗಳನ್ನು ಸಂತೆಯಲ್ಲಿ ಮಾರಿದ್ದರು. ಉಳಿದವು ಮನೆಯಲ್ಲೇ ಸತ್ತವು. ಮಾರಿದ ಆರು ಕೋಳಿಗಳು ಯಾವ ಯಾವ ಊರಿಗೆ ರೋಗ ಒಯ್ದವೋ ದೇವರೇ ಬಲ್ಲ.

ಮೊದಲು ಒಳ್ಳೆಯ ಹಿಕ್ಕೆ ಹೇಗಿರುತ್ತದೆಂದು ತಿಳಿಯೋಣ. ಕೋಳಿಗೆ ಸೆಗಣಿ, ಮೂತ್ರ, ತತ್ತಿ ಎಲ್ಲಕ್ಕೂ ಒಂದೇ ದ್ವಾರ. ಆದ್ದರಿಂದ ಹಿಕ್ಕೆಯಲ್ಲಿ ಎರಡು ಭಾಗ ಕಾಣುತ್ತವೆ. ಕಂದು ಅಥವಾ ಬೂದು ಬಣ್ಣದ ಗಟ್ಟಿ ಭಾಗ ಸೆಗಣಿ. ಅದರ ಮೇಲೆ ಸುಣ್ಣ ಹಚ್ಚಿದಂತೆ ಇರುವ ಬಿಳಿ ಭಾಗವೇ ಮೂತ್ರ. ಈ ಬಿಳಿ ಕಂಡು ಗಾಬರಿಯಾಗಬೇಕಾಗಿಲ್ಲ. ದಿನದಲ್ಲಿ ಎರಡು ಮೂರು ಸಲ ಕೋಳಿ ಬೇರೆಯೇ ರೀತಿಯ ಹಿಕ್ಕೆ ಹಾಕುತ್ತದೆ. ಅದು ಬೆಲ್ಲದ ಪಾಕದಂತೆ ಅಂಟಂಟಾಗಿ, ಕಪ್ಪು ಕಂದು ಬಣ್ಣದ್ದಾಗಿ, ಬಹಳ ನಾರುತ್ತದೆ. ಇದು ಕುರುಡು ಕರುಳಿನಿಂದ ಬರುವಂಥದು, ರೋಗವಲ್ಲ. ಕಾವಿಗೆ ಕುಳಿತ ಕೋಳಿ ಬಹಳ ಹೊತ್ತು ತಡೆದು ಒಮ್ಮೆಲೇ ದೊಡ್ಡ ಹಿಕ್ಕೆ ಹಾಕುತ್ತದೆ. ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿಯುವುದರಿಂದ ಹಿಕ್ಕೆ ತೆಳ್ಳಗಾಗುತ್ತದೆ. ಸೊಪ್ಪು ತಿಂದರೆ ಹಸಿರಾಗುತ್ತದೆ. ಇವೆಲ್ಲ ಸಹಜ.

ಇನ್ನು ಎಚ್ಚರ ವಹಿಸಬೇಕಾದ ಗುರುತುಗಳು.

ಒಂದು, ರಕ್ತ ಬೆರೆತ ಹಿಕ್ಕೆ. ಮೂರರಿಂದ ಎಂಟು ವಾರದ ಮರಿಗಳಲ್ಲಿ ಇದು ಕಂಡರೆ ರಕ್ತಭೇದಿ ಎಂದು ಸಂಶಯಪಡಬೇಕು. ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಗುಂಪಾಗಿ ನಿಲ್ಲುತ್ತವೆ. ಈ ರೋಗದ ಸೂಕ್ಷ್ಮ ಜೀವಿ ಹಿಕ್ಕೆಯ ಮೂಲಕ ಹೊರಬಿದ್ದು, ತೇವ ಮತ್ತು ಬಿಸುಪು ಸಿಕ್ಕರೆ ಒಂದೆರಡು ದಿನದಲ್ಲಿ ಬೇರೆ ಮರಿಗೆ ರೋಗ ಹತ್ತಿಸಲು ತಯಾರಾಗುತ್ತದೆ. ನಮ್ಮದು ಯರೆಮಣ್ಣಿನ ಭೂಮಿ. ಮಳೆಗಾಲದಲ್ಲಿ ಗೂಡಿನೊಳಗೆ ಕೆಸರು ಒಣಗುವುದೇ ಇಲ್ಲ. ಆದ್ದರಿಂದ ಔಷಧಕ್ಕಿಂತ ಮೊದಲು ಗೂಡು ಒಣಗಬೇಕು. ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಕಿರಿ. ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ನೀರಿನಲ್ಲಿ ಬೆರೆಸಿ, ರೋಗ ಕಂಡ ಮರಿಗಷ್ಟೇ ಅಲ್ಲ, ಎಲ್ಲ ಮರಿಗಳಿಗೂ ಕೊಡಬೇಕು.

ಎರಡು, ಎಳೆಯ ಮರಿಗಳ ಹಿಂಭಾಗಕ್ಕೆ ಸುಣ್ಣದಂತೆ ಮೆತ್ತಿಕೊಂಡ ಬಿಳಿ ಹಿಕ್ಕೆ. ಮರಿಗೆ ಚಳಿ ಹತ್ತಿದರೂ ಹೀಗಾಗುತ್ತದೆ. ಆದರೆ ಮರಿಗಳು ಒಂದರ ಹಿಂದೊಂದು ಸಾಯತೊಡಗಿದರೆ ಅದು ಬಿಳಿ ಭೇದಿ ಇರಬಹುದು. ಈ ರೋಗ ತಾಯಿಯಿಂದ ತತ್ತಿಯ ಮೂಲಕ ಮರಿಗೆ ಬರುತ್ತದೆ. ಅಂಥ ಕೋಳಿಯ ತತ್ತಿಯನ್ನು ಕಾವಿಗೆ ಇಡಬಾರದು.

ಮೂರು, ಹಸಿರು ನೀರಿನಂಥ ಹಿಕ್ಕೆ. ಕೋಳಿ ಕಾಳು ಬಿಟ್ಟಾಗಲೂ ಬರೀ ಪಿತ್ತ ಬಿದ್ದು ಹಿಕ್ಕೆ ಹಸಿರಾಗುತ್ತದೆ. ಆದರೆ ಅದರ ಜೊತೆ ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚುವುದು, ಕಾಲು ಎಳೆಯುವುದು ಕಂಡರೆ ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು. ಇದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ದಾರಿ.

ನಾಲ್ಕು, ಹುಳುಗಳು. ಶಾವಿಗೆಯಂಥ ಬಿಳಿ ಹುಳು ಅಥವಾ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಜಂತುನಾಶಕ ಕೊಡಿಸಬೇಕು. ಕಾಳು ತಿಂದರೂ ಕೋಳಿ ಸೊರಗುವುದಕ್ಕೆ ಇದು ಒಂದು ಮುಖ್ಯ ಕಾರಣ.

ಒಂದು ಮಾತು ನೆನಪಿಡಿರಿ. ಹಿಕ್ಕೆ ರೋಗದ ಹೆಸರು ಹೇಳುವುದಿಲ್ಲ, "ನನ್ನನ್ನು ನೋಡು" ಎಂದಷ್ಟೇ ಹೇಳುತ್ತದೆ. ಆದ್ದರಿಂದ ರಾತ್ರಿ ಕೋಳಿ ಕೂಡ್ರುವ ಜಾಗದಲ್ಲಿ ಹಳೆಯ ಗೋಣಿಚೀಲ ಹಾಸಿರಿ. ಬೆಳಿಗ್ಗೆ ಬೆಳಕಾದ ಮೇಲೆ ಅದನ್ನು ನೋಡಿ, ಆಮೇಲೆ ಕಸ ಬಳಿಯಿರಿ. ಸಂಶಯ ಬಂದರೆ ತಾಜಾ ಹಿಕ್ಕೆಯನ್ನು ಸ್ವಚ್ಛ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ತನ್ನಿರಿ. ಆ ಕೋಳಿಯನ್ನು ಬೇರೆ ಬುಟ್ಟಿಯಲ್ಲಿ ಮುಚ್ಚಿರಿ. ಆಕಳಿಗೆ ತಂದು ಉಳಿದ ಔಷಧವನ್ನು ಅಂದಾಜಿನ ಮೇಲೆ ಕೋಳಿಗೆ ಹಾಕಬೇಡಿರಿ. ಅದರ ಅಂಶ ನೀವು ತಿನ್ನುವ ತತ್ತಿಯಲ್ಲಿ ಬರುತ್ತದೆ.

ಹಾಲು ಉತ್ಪಾದಕರಿಗೆ ಇನ್ನೊಂದು ಎಚ್ಚರಿಕೆ. ಕೋಳಿಗಳನ್ನು ಗ್ವಾದಲಿಯ ಮೇಲೆ, ಮೇವಿನ ಮೇಲೆ ಕೂಡ್ರಲು ಬಿಡಬೇಡಿರಿ. ಹಿಕ್ಕೆ ಬಿದ್ದ ಮೇವಿನಿಂದ ದನಗಳಿಗೂ ರೋಗ ಬರಬಹುದು. ಸತ್ತ ಕೋಳಿ ಬೆರೆತ ಗೊಬ್ಬರದ ವಿಷ ಮೇವಿಗೆ ತಾಗಿ, ದನಗಳು ಕಾಲಿನ ಶಕ್ತಿ ಕಳೆದುಕೊಂಡು ನೆಲ ಹಿಡಿದು ಸತ್ತದ್ದುಂಟು. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯದೆ, ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಒಮ್ಮೆಲೇ ಬಹಳ ಕೋಳಿ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿರಿ. 2012ರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಂಡುಬಂದದ್ದು ನಿಮಗೆ ಗೊತ್ತಿದೆ.

ಕೊನೆಯದಾಗಿ ಲಸಿಕೆಯ ಮಾತು. ಕೊಕ್ಕರೆ ರೋಗಕ್ಕೆ ಮರಿಯ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಆರರಿಂದ ಎಂಟು ವಾರಕ್ಕೆ ರೆಕ್ಕೆಯ ಕೆಳಗೆ ಚುಚ್ಚುಮದ್ದು ಹಾಕಿಸಬೇಕು. ತೊಡಕು ಎಲ್ಲಿದೆ ಎಂದರೆ, ಒಂದು ಸೀಸೆಯಲ್ಲಿ ನೂರು ಅಥವಾ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಸುಮಾರು ಎರಡು ತಾಸಿನೊಳಗೆ ಅದು ಮುಗಿಯಬೇಕು. ಹತ್ತು ಕೋಳಿಯವರು ಒಬ್ಬರೇ ಬಂದರೆ ಉಳಿದದ್ದು ಹಾಳು. ಇಲ್ಲಿಯೇ ಸಂಘದ ಉಪಯೋಗವಿದೆ. ದಿನಕ್ಕೆ ಎರಡು ಸಲ ನೀವೆಲ್ಲ ಹಾಲು ಹಾಕಲು ಒಂದೇ ಕಡೆ ಕೂಡುತ್ತೀರಿ. ಯಾರ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಎಂದು ಅಲ್ಲಿಯೇ ಬರೆಸಿರಿ. ನೂರು ತುಂಬಿದ ದಿನ ಪಶು ಆಸ್ಪತ್ರೆಗೆ ತಿಳಿಸಿರಿ. ಒಂದು ಸಂಜೆ ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಟ್ಟರೆ ಮರುದಿನ ನಸುಕಿನಲ್ಲಿ ಇಡೀ ಓಣಿಗೆ ಲಸಿಕೆ ಮುಗಿಯುತ್ತದೆ.

ಒಬ್ಬರ ಮನೆಯ ಕೋಳಿ ಗೋಡೆ ಹಾರಿ ಇನ್ನೊಬ್ಬರ ಹಿತ್ತಲಿಗೆ ಹೋಗುತ್ತದೆ, ರೋಗವೂ ಹಾಗೆಯೇ. ಆದ್ದರಿಂದ ಕೋಳಿಯ ಆರೋಗ್ಯವೂ ಹಾಲಿನಂತೆ ಕೂಡಿ ಮಾಡುವ ಕೆಲಸ. ನಾಳೆ ಬೆಳಿಗ್ಗೆ ಕಸಬರಿಗೆ ಹಿಡಿಯುವ ಮುನ್ನ ಒಂದು ಗಳಿಗೆ ಬಗ್ಗಿ ನೋಡಿರಿ ಎಂದು ವಿನಂತಿಸಿ, ನನ್ನ ಮಾತು ಮುಗಿಸುತ್ತೇನೆ.