ಎಚ್ಚರಿಕೆ ತಲುಪಿದ ಮೇಲೆ



ನಮ್ಮ ದೇಶದ ಏಕೈಕ ಜೀವಂತ ಜ್ವಾಲಾಮುಖಿ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿದೆ. 1991ರಿಂದೀಚೆಗೆ ಅದು ಹಲವು ಬಾರಿ ಬೆಂಕಿಯುಗುಳಿದೆ. ಅಲ್ಲಿ ಒಂದಷ್ಟು ಆಡುಗಳಿವೆಯೇ ಹೊರತು ಜನವಸತಿಯಿಲ್ಲ. ಆದ್ದರಿಂದ ಅದು ವಾರ್ತೆಯಾಯಿತು, ವಿಪತ್ತಾಗಲಿಲ್ಲ. ಉತ್ಪಾತವು ವಿಪತ್ತಾಗುವುದು ಮನುಷ್ಯರ ನಡುವೆ. ಯಾವ ಮನುಷ್ಯರ ನಡುವೆ ಎಂಬುದೇ ಇಂದಿನ ನನ್ನ ವಿಷಯ.

ಕೊಲಂಬಿಯಾ ದೇಶದ ಅರ್ಮೆರೊ ಪಟ್ಟಣವನ್ನು ನೋಡೋಣ. ಅದರ ಪಶ್ಚಿಮಕ್ಕೆ ಹಿಮಾಚ್ಛಾದಿತ ನೆವಾಡೊ ದೆಲ್ ರೂಯಿಸ್ ಪರ್ವತ. 1845ರಲ್ಲಿ ಅಲ್ಲಿಂದಿಳಿದ ಕೆಸರಿನ ಪ್ರವಾಹ ಸುಮಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತ್ತು. ಆ ಕೆಸರು ಒಣಗಿದ ನೆಲದ ಮೇಲೆಯೇ ಮುಂದೆ ಪಟ್ಟಣ ಬೆಳೆಯಿತು. 1985ರ ಅಕ್ಟೋಬರಿನಲ್ಲಿ ತಜ್ಞರು ಮುಂದಿಟ್ಟ ನಕ್ಷೆಯಲ್ಲಿ ಅರ್ಮೆರೊ ಅಪಾಯವಲಯದೊಳಗಿತ್ತು. ನವೆಂಬರ್ 13ರ ಅಪರಾಹ್ನ ಊರಿನ ಮೇಲೆ ಬೂದಿ ಉದುರಿದಾಗ, ಗಾಬರಿಪಡದೆ ಮನೆಯೊಳಗಿರಿ ಎಂದು ಜನರಿಗೆ ಹೇಳಲಾಯಿತು. ರಾತ್ರಿ ಒಂಬತ್ತರ ಸುಮಾರಿಗೆ ಪರ್ವತ ಸ್ಫೋಟಿಸಿತು. ಕರಗಿದ ಹಿಮ ಕಲ್ಲುಮಣ್ಣನ್ನು ಸೆಳೆದುಕೊಂಡು ಪಟ್ಟಣವನ್ನು ತಲುಪಲು ಎರಡೂವರೆ ಗಂಟೆಯಷ್ಟು ಕಾಲ ಹಿಡಿಯಿತು. ಎತ್ತರದ ನೆಲ ಕಾಲ್ನಡಿಗೆಯ ದೂರದಲ್ಲಿಯೇ ಇತ್ತು. ಆದರೂ ಆ ರಾತ್ರಿ ಸತ್ತವರು ಒಟ್ಟು ಸುಮಾರು 23,000.

ದಶಕಗಳ ಕಾಲ ಕಡತಗಳನ್ನು ನೋಡಿದ ನನಗೆ ಆ ಎರಡೂವರೆ ಗಂಟೆ ಅಪರಿಚಿತವೆನಿಸುವುದಿಲ್ಲ. ಜನರನ್ನು ಸುಮ್ಮನೆ ಸ್ಥಳಾಂತರಿಸಿದ ಅಧಿಕಾರಿ ವಿವರಣೆ ಕೊಡಬೇಕಾಗುತ್ತದೆ. ಮೇಲಿನ ಆದೇಶಕ್ಕಾಗಿ ಕಾದವನು ಸಾಮಾನ್ಯವಾಗಿ ಪಾರಾಗುತ್ತಾನೆ.

ಆರು ವರ್ಷಗಳ ತರುವಾಯ ಫಿಲಿಪ್ಪೀನ್ಸಿನ ಪಿನಾಟುಬೊದಲ್ಲಿ ಈ ಪಾಠವನ್ನು ಕಲಿತಿದ್ದರು. ಅಪಾಯವನ್ನು ಐದು ಹಂತಗಳಲ್ಲಿ ಸಾರಿದರು. ಕ್ರಾಫ್ಟ್ ದಂಪತಿಗಳು ಸಿದ್ಧಪಡಿಸಿದ್ದ ವಿಡಿಯೊವನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. (ಆ ದಂಪತಿಗಳು 1991ರ ಜೂನ್ 3ರಂದು ಜಪಾನಿನ ಉನ್‌ಜೆನ್ ಜ್ವಾಲಾಮುಖಿಗೆ ಬಲಿಯಾದರು.) ಜೂನ್ 15ರ ಮಹಾಸ್ಫೋಟಕ್ಕೆ ಮುನ್ನವೇ ಹತ್ತಾರು ಸಾವಿರ ಜನ ದೂರ ಸರಿದಿದ್ದರು, ಸಾವಿರಾರು ಪ್ರಾಣಗಳು ಉಳಿದವು.

ಆದರೆ ಇಲ್ಲಿಗೇ ಕಥೆಯನ್ನು ನಿಲ್ಲಿಸುವಂತಿಲ್ಲ. ಪರ್ವತದ ಇಳಿಜಾರಿನಲ್ಲಿ ಆಯ್ಟಾ ಎಂಬ ಮೂಲನಿವಾಸಿಗಳಿದ್ದರು. ಅದೇ ದಿನ ಬೀಸಿದ ಚಂಡಮಾರುತದ ಮಳೆಗೆ ನೆನೆದು ಭಾರವಾದ ಬೂದಿಯಿಂದ ಚಾವಣಿ ಕುಸಿದು ಸತ್ತವರು ಸುಮಾರು 300 ಮಂದಿ. ಆಶ್ರಯ ಶಿಬಿರಗಳಲ್ಲಿ ರೋಗದಿಂದ ಸತ್ತವರು ಅದಕ್ಕೂ ಹೆಚ್ಚು, ಅವರಲ್ಲಿ ಅನೇಕರು ದಡಾರ ತಗಲಿದ ಆಯ್ಟಾ ಮಕ್ಕಳು. ಲಸಿಕೆ ಶಿಬಿರದವರೆಗೂ ಬಂದಿತ್ತು. ಆದರೆ ಬಯಲುನಾಡಿನವರ ತಾತ್ಸಾರವನ್ನೇ ಉಂಡು ಬಂದ ತಾಯಂದಿರಲ್ಲಿ ಹಲವರು ಅವರ ಕೈಯ ಸೂಜಿಯನ್ನು ನಂಬಲಿಲ್ಲ. ಇದನ್ನು ಅಜ್ಞಾನವೆಂದು ಕರೆಯಲು ನಾನು ಸಿದ್ಧನಿಲ್ಲ. ಪರಸ್ಥಳದಲ್ಲಿ ಸಂಸಾರ ಹೂಡಿದ ನಾವೂ ಮೊದಮೊದಲು, ಅರ್ಧ ತಿಳಿದ ಭಾಷೆಯ ಸರಕಾರಿ ಸೂಚನೆಯನ್ನು ನಂಬುವ ಮುನ್ನ ಪರಿಚಿತ ಕನ್ನಡಿಗರೊಬ್ಬರನ್ನು ಕೇಳಿಯೇ ಮುಂದುವರಿದವರಲ್ಲವೇ?

ತಜ್ಞರು ಪರ್ವತವನ್ನು ಕೆಲವು ವಾರಗಳಲ್ಲಿ ಅರಿತರು. ಆಯ್ಟಾ ಜನರ ವಿಶ್ವಾಸವನ್ನು ಗಳಿಸಲು ಅದಕ್ಕೂ ಎಷ್ಟೋ ವರ್ಷಗಳ ಮೊದಲೇ ಯಾರಾದರೂ ಅವರ ಹಳ್ಳಿಗೆ ಹೋಗಬೇಕಿತ್ತು. ಮುಂದೆ ಅವರಿಗೆ ಬಯಲಿನಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಅಲ್ಲಿ ಬೇಸಾಯಕ್ಕೆ ಒದಗುವ ನೆಲ ಸಾಲದೆ ಅನೇಕರು ಅದೇ ಪರ್ವತಕ್ಕೆ ಮರಳಿ, ಬೂದಿಯ ನಡುವೆಯೇ ಗೆಡ್ಡೆಗೆಣಸು ಬೆಳೆಯತೊಡಗಿದರು.