ಪ್ರವಾಸದ ಪಟಗಳು, ಊರಿನ ದಾಖಲೆಗಳು

(ಯಲಹಂಕದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಐವತ್ತು ರೂಪಾಯಿಯ ಹೊಸ ನೋಟನ್ನು ಎಲ್ಲರೂ ನೋಡಿದ್ದೀರಿ. 2017ರಲ್ಲಿ ಚಲಾವಣೆಗೆ ಬಂದ ಆ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಆ ರಥದ ಮುಂದೆ ನಿಂತು ಪಟ ತೆಗೆಸಿಕೊಳ್ಳದೆ ಹಿಂದಿರುಗುವ ಪ್ರವಾಸಿಗರು ಕಡಿಮೆ. ಆದರೆ ಇಂದು ಕಾಣುವ ರಥ ಪೂರ್ಣವಾದದ್ದಲ್ಲ. ಒಂದು ಕಾಲಕ್ಕೆ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿತ್ತು. ಮುಂದೆ ಅದು ಇಲ್ಲವಾಯಿತು. ಅದು ಹೇಗಿತ್ತೆಂದು ಇಂದು ಕಣ್ಣಾರೆ ನೋಡಲು ಸಾಧ್ಯವಾಗಿರುವುದು 1856ರಲ್ಲಿ ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದ ಒಬ್ಬ ಸೇನಾಧಿಕಾರಿಯಿಂದ.

ಅವನ ಹೆಸರು ಅಲೆಗ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದಲ್ಲಿದ್ದವನು. ಪಟ ತೆಗೆಯುವುದು ಅವನ ವೃತ್ತಿಯಲ್ಲ. ಆದರೂ ಹಂಪಿಯ ಬಂಡೆಗಳ ನಡುವೆ ದೊಡ್ಡ ಪೆಟ್ಟಿಗೆಯಂತಹ ಕ್ಯಾಮೆರಾವನ್ನು ಹೊರಿಸಿಕೊಂಡು ತಿರುಗಿ ಸುಮಾರು 60 ಚಿತ್ರಗಳನ್ನು ತೆಗೆದ. ಆಗ ಫಿಲ್ಮ್ ಇರಲಿಲ್ಲ. ಮೇಣ ಸವರಿದ ಕಾಗದಕ್ಕೆ ಬೆಳ್ಳಿಯ ಲವಣಗಳನ್ನು ಲೇಪಿಸಿ, ಅದನ್ನೇ ನೆಗೆಟಿವ್ ಆಗಿ ಬಳಸುತ್ತಿದ್ದರು. ಗ್ರೀನ್‌ಲಾನ ಒಂದೊಂದು ನೆಗೆಟಿವ್ ಹೆಚ್ಚುಕಡಿಮೆ ಒಂದೂವರೆ ಅಡಿ ಅಗಲದ್ದು. ಬೆಳಕು ಕಾಗದದ ಮೇಲೆ ಮೂಡಲು ನಿಮಿಷಗಟ್ಟಲೆ ಕಾಯಬೇಕಾಗಿತ್ತು. ಆ ಹೊತ್ತಿನಲ್ಲಿ ಎದುರಿಗೆ ನಡೆದುಹೋದ ಮನುಷ್ಯನ ಗುರುತು ಪಟದಲ್ಲಿ ಉಳಿಯುತ್ತಿರಲಿಲ್ಲ. ಕಲ್ಲು ಮಾತ್ರ ಉಳಿಯುತ್ತಿತ್ತು.

ಗ್ರೀನ್‌ಲಾ ಮೊದಲಿಗನೇನಲ್ಲ. ಅವನಿಗಿಂತ ಎರಡು ವರ್ಷ ಮುಂಚೆ, 1854ರಲ್ಲಿ, ಬೆಂಗಳೂರಿನಲ್ಲಿದ್ದ ಮತ್ತೊಬ್ಬ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ಕಡೆ ಹೋಗಿ ದೇವಾಲಯಗಳ ಚಿತ್ರ ತೆಗೆದಿದ್ದ. ಅವು 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಜನರ ಮುಂದೆ ಬಂದವು. ಮರುವರ್ಷವೇ ಮದ್ರಾಸ್ ಸರ್ಕಾರ ಅವನನ್ನು ತನ್ನ ಛಾಯಾಗ್ರಾಹಕನನ್ನಾಗಿ ನೇಮಿಸಿಕೊಂಡಿತು. ಹವ್ಯಾಸ ಹುದ್ದೆಯಾಯಿತು.

ಗ್ರೀನ್‌ಲಾನ ಅದೃಷ್ಟ ಬೇರೆ. ಅವನ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಮೂಲೆಯಲ್ಲಿದ್ದವು. 1980ರ ಹೊತ್ತಿಗೆ ವಿದ್ವಾಂಸರ ಗಮನಕ್ಕೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ 127 ವರ್ಷಗಳ ಲೆಕ್ಕ ತೆರೆದುಕೊಂಡಿತು. ಯಾವ ಗೋಪುರ ಉಳಿಯಿತು, ಯಾವುದು ಹೋಯಿತು, ಎಲ್ಲಿ ದುರಸ್ತಿಯಾಯಿತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಪ್ರವಾಸದಲ್ಲಿ ತೆಗೆದ ಪಟ ತೆಗೆದವನ ನೆನಪಿಗಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಶ್ರೀಮಂತರ ಹವ್ಯಾಸ, ಎಲ್ಲರ ಹವ್ಯಾಸ

1888ರಲ್ಲಿ ಕೊಡಕ್ ಕ್ಯಾಮೆರಾ ಬಂದ ಮೇಲೆ ಪಟ ತೆಗೆಯಲು ರಸಾಯನಶಾಸ್ತ್ರ ಕಲಿಯಬೇಕಾದ ಅಗತ್ಯ ತಪ್ಪಿತು. ನೂರು ಚಿತ್ರಗಳಿಗಾಗುವಷ್ಟು ಸುರುಳಿ ಅದರೊಳಗೇ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳುಹಿಸಿದರಾಯಿತು. ನಮ್ಮಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಕ್ಯಾಮೆರಾ ಕಾಲಿಟ್ಟದ್ದು ಬಹಳ ತಡವಾಗಿ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್-3 ಅನೇಕ ಮನೆಗಳ ಮೊದಲ ಕ್ಯಾಮೆರಾ. ಒಂದು ರೋಲಿಗೆ 12 ಚಿತ್ರ. ಅದಕ್ಕೆ ಹಾಕಲು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ ಸಿಗುತ್ತಿತ್ತು. ಧರ್ಮಸ್ಥಳ, ಶೃಂಗೇರಿ, ಜೋಗ ಎಂದು ನಾಲ್ಕು ದಿನ ಸುತ್ತುವ ಮನೆಯವರು 12 ಚಿತ್ರಗಳನ್ನು ಲೆಕ್ಕ ಹಾಕಿ ಖರ್ಚು ಮಾಡಬೇಕಾಗಿತ್ತು. ಆದ್ದರಿಂದ ಒತ್ತುವ ಮೊದಲು ಎರಡು ಸಲ ನೋಡುತ್ತಿದ್ದರು.

ಬೆಂಗಳೂರಿನಲ್ಲಿ ಈ ಹವ್ಯಾಸಕ್ಕೆ ಗಟ್ಟಿ ಪರಂಪರೆಯಿದೆ. 1953ರಲ್ಲಿ ಆರಂಭವಾದ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಕಟ್ಟಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಪ್ರಮುಖರು. 1971ರಲ್ಲಿ ಇಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರು ಕಾಡುಪ್ರಾಣಿ, ಹಕ್ಕಿಗಳ ಚಿತ್ರಗಳಿಂದ ದೇಶದಾಚೆಗೂ ಹೆಸರಾದರು. ಸಂಡೂರಿನ ಎಂ.ವೈ. ಘೋರ್ಪಡೆ ಅವರು 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಡತಗಳ ನಡುವೆ ಬಿಡುವು ಮಾಡಿಕೊಂಡು ಕಾಡಿಗೆ ಹೋಗಿ ಅವರು ತೆಗೆದ ಕಪ್ಪು-ಬಿಳುಪು ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಪೂರ್ಣಚಂದ್ರ ತೇಜಸ್ವಿಯವರಂತೂ ದೂರ ಹೋಗಲೇ ಇಲ್ಲ. ಮೂಡಿಗೆರೆಯ ತೋಟದ ಸುತ್ತಮುತ್ತ ಕಾದು ಕುಳಿತು ಹಕ್ಕಿಗಳನ್ನು ಸೆರೆಹಿಡಿದರು.

ವಿದೇಶಕ್ಕೆ ಹೋದ ನಮ್ಮ ಹಿರಿಯರಲ್ಲಿ ಹಲವರು ಕ್ಯಾಮೆರಾದ ಕೆಲಸವನ್ನು ಲೇಖನಿಯಿಂದ ಮಾಡಿದರು. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ'ವನ್ನೋ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕದಲ್ಲಿ ಗೊರೂರು' ಪುಸ್ತಕವನ್ನೋ ಓದಿದವರಿಗೆ ಇದು ಗೊತ್ತು. ಅವರು ಕಟ್ಟಡದ ಜೊತೆಗೆ ಜನರ ನಡೆನುಡಿಯನ್ನೂ ನೋಡಿದರು. ಇಂದು ಸಿಂಗಪುರಕ್ಕೋ ಪ್ಯಾರಿಸ್ಸಿಗೋ ಹೋಗಿ ಬಂದವರ ಫೋನಿನಲ್ಲಿ ಸಾವಿರ ಚಿತ್ರವಿರುತ್ತದೆ. ಅವುಗಳಲ್ಲಿ ಮುಕ್ಕಾಲು ಪಾಲು ಪಟ ತೆಗೆಸಿಕೊಂಡವರ ಮುಖ, ಉಳಿದ ಕಾಲು ಪಾಲು ಅಂಚೆಪತ್ರದಲ್ಲಿ ಮೊದಲೇ ಇದ್ದ ಗೋಪುರ. ಆ ಊರಿನ ಬಸ್ ನಿಲ್ದಾಣ, ತರಕಾರಿ ಅಂಗಡಿ, ಬೀದಿಯ ಹಲಗೆ ಇವುಗಳ ಚಿತ್ರ ಸಿಗುವುದು ಅಪರೂಪ.

ಯಲಹಂಕದ ಪಟ ಎಲ್ಲಿದೆ?

ಈಗ ಇದೇ ಪ್ರಶ್ನೆಯನ್ನು ಮನೆಯ ಹತ್ತಿರ ಕೇಳಿಕೊಳ್ಳೋಣ. ಯಲಹಂಕ ಬೆಂಗಳೂರಿಗಿಂತ ಹಳೆಯ ಊರು. ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಿನ ಪ್ರಭುಗಳು. ಇಲ್ಲಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೆ ಎರಡೂವರೆ ಅಡಿ ಅಂತರದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಆ ಮಾರ್ಗ ಹಂತಹಂತವಾಗಿ ಬ್ರಾಡ್‌ಗೇಜ್ ಆಗುತ್ತಾ 2013ರಲ್ಲಿ ಕೋಲಾರದವರೆಗೂ ಕೆಲಸ ಮುಗಿಯಿತು. 1984ರಲ್ಲಿ ಗಾಲಿ ಮತ್ತು ಅಚ್ಚು ಕಾರ್ಖಾನೆ ಬಂತು. 1996ರಲ್ಲಿ ವಾಯುನೆಲೆಯಲ್ಲಿ ಮೊದಲ ವೈಮಾನಿಕ ಪ್ರದರ್ಶನ ನಡೆಯಿತು. 2007ರಲ್ಲಿ ಊರು ಮಹಾನಗರಕ್ಕೆ ಸೇರಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲದ ದ್ರಾಕ್ಷಿ ತೋಟಗಳ ಜಾಗದಲ್ಲಿ ಏನು ಬಂತೆಂದು ಹೇಳಬೇಕಾಗಿಲ್ಲ.

ಈ ಬದಲಾವಣೆಗಳ ಪಟ ಎಷ್ಟು ಮನೆಗಳಲ್ಲಿವೆ? ವೈಮಾನಿಕ ಪ್ರದರ್ಶನದಲ್ಲಿ ಹೊಗೆಯುಗುಳುತ್ತ ಹಾರಿದ ವಿಮಾನದ ಚಿತ್ರ ಬೇಕಾದಷ್ಟಿದೆ. ಹಳೆಯ ಪೇಟೆಯ ಬೀದಿ, ವೇಣುಗೋಪಾಲಸ್ವಾಮಿ ಗುಡಿಯ ಸುತ್ತಲ ಮನೆಗಳು, ಪುಟ್ಟ ರೈಲು, ತೋಟ ಇವುಗಳನ್ನು ತೆಗೆದವರು ಕಡಿಮೆ. ಕಾರಣ ಸರಳ. ದಿನವೂ ಕಾಣುವುದು ನಾಳೆಯೂ ಇರುತ್ತದೆ ಎಂಬ ನಂಬಿಕೆ. ಪ್ರವಾಸ ಎಂದರೆ ದೂರ ಎಂಬ ಭಾವನೆ. ಆದರೆ ನಂದಿಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಯಾರೋ ಬೇಸರಕ್ಕೆ ಒತ್ತಿದ ಒಂದು ಪಟ, ಅದರ ಹಿನ್ನೆಲೆಯಲ್ಲಿ ಅರ್ಧ ಕಾಣುವ ಪುಟ್ಟ ರೈಲಿನ ಡಬ್ಬಿ, ಇಂದು ಬೆಟ್ಟದ ಸೂರ್ಯೋದಯಕ್ಕಿಂತ ಬೆಲೆಯುಳ್ಳದ್ದು. ಸೂರ್ಯೋದಯ ನಾಳೆಯೂ ಆಗುತ್ತದೆ.

ಹಕ್ಕಿಯೂ ಮನುಷ್ಯನೂ

ಈ ಹವ್ಯಾಸದಿಂದ ಕೇಡೂ ಆಗಬಹುದು. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಜೆ.ಪಿ. ನಗರದ ಬಳಿಯ ಅದೇ ಹೆಸರಿನ ಕೆರೆ ಬೇರೆ. ಬಕ, ಕೊಕ್ಕರೆಗಳು ಮರಿ ಮಾಡುವಂತಹ ಇಂಥ ಜಾಗಗಳಿಗೆ ರಜಾದಿನ ಉದ್ದನೆಯ ಲೆನ್ಸ್ ಹಿಡಿದವರು ಬರುತ್ತಾರೆ. ಗೂಡು ಚೆನ್ನಾಗಿ ಕಾಣಲಿ ಎಂದು ಒಂದು ರೆಂಬೆಯನ್ನು ಸರಿಸಿದರೆ ಅಥವಾ ಮುರಿದರೆ ಸಾಕು, ಮರಿಗಳ ಮೇಲೆ ಬಿಸಿಲು ಬೀಳುತ್ತದೆ, ಕಾಗೆ ಹದ್ದುಗಳಿಗೆ ಗೂಡು ಗೊತ್ತಾಗುತ್ತದೆ. ತಾಯಿ ಹೆದರಿ ದೂರ ಹೋದಷ್ಟು ಹೊತ್ತು ಮರಿಗಳು ಅನಾಥ. ಪಟಕ್ಕೆ ಬಹುಮಾನ ಬರಬಹುದು. ಆದರೆ ಆ ಸಂಸಾರ ಉಳಿಯುವುದಿಲ್ಲ. ಗೂಡಿನ ಬಳಿ ಹೋಗದಿರುವುದೇ ಸರಿಯಾದ ನಿಯಮ.

ಮನುಷ್ಯರ ವಿಷಯದಲ್ಲೂ ಅಷ್ಟೆ. ಸಂತೆಯ ಅಜ್ಜಿಯ ಸುಕ್ಕುಗಟ್ಟಿದ ಮುಖ ಕ್ಯಾಮೆರಾ ಹಿಡಿದವರಿಗೆ ಇಷ್ಟ. 'ಅಜ್ಜಿ, ಒಂದು ಫೋಟೊ ತೆಗೀಲಾ?' ಎಂದು ಕೇಳಲು ಅರ್ಧ ನಿಮಿಷ ಸಾಕು. ಬೇಡವೆಂದರೆ ಬಿಡಬೇಕು. ಇನ್ನು ಕಾನೂನು. ವಾಯುನೆಲೆಯಂತಹ ರಕ್ಷಣಾ ಸ್ಥಳಗಳ ಚಿತ್ರ ತೆಗೆಯುವಂತಿಲ್ಲ. ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಕ್ಯಾಮೆರಾ ಎತ್ತುವಂತಿಲ್ಲ. ನಮ್ಮ ಎಷ್ಟೋ ಗರ್ಭಗುಡಿಗಳ ಮುಂದೆಯೂ ಇದೇ ನಿಯಮ. ಹೋದ ಊರಿನ ಕಟ್ಟಳೆಯನ್ನು ಮೊದಲೇ ಕೇಳಿ ತಿಳಿಯುವುದು ಪ್ರವಾಸಿಯ ಸಭ್ಯತೆ.

ಹಿಂಬದಿಯ ನಾಲ್ಕು ಸಾಲು

ತೆಗೆದ ಪಟ ದಾಖಲೆಯಾಗಲು ಮೂರು ಮಾತು ಬೇಕು: ಎಲ್ಲಿ, ಯಾವಾಗ, ಯಾರು. ಇವಿಲ್ಲದ ಪಟ ಎರಡನೆಯ ತಲೆಮಾರಿಗೆ ಅಪರಿಚಿತ. ಮನೆಯ ಹಳೆಯ ಆಲ್ಬಮ್ಮಿನಲ್ಲಿ 'ಇವರು ಯಾರು?' ಎಂದು ಕೇಳಿದಾಗ ಉತ್ತರಿಸುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಬರೆಯುವುದು ಪೆನ್ಸಿಲಿನಲ್ಲಿ, ಮೆಲ್ಲಗೆ, ಹಿಂಬದಿಯ ಅಂಚಿನಲ್ಲಿ. ಅಂಟು ಹಾಳೆಯ ಆಲ್ಬಮ್‌ಗಳು ಪಟವನ್ನು ಕೆಡಿಸುತ್ತವೆ. ತೇವ ತಗುಲಿದರೆ ನೆಗೆಟಿವ್‌ಗೆ ಬೂಷ್ಟು ಹಿಡಿಯುತ್ತದೆ. ಬಣ್ಣದ ಪಟಗಳು ಕಪ್ಪು-ಬಿಳುಪಿನವುಗಳಿಗಿಂತ ಬೇಗ ಮಸುಕಾಗುತ್ತವೆ. ಆದ್ದರಿಂದ ಅವುಗಳ ನಕಲನ್ನು ಮೊದಲು ತೆಗೆದಿಡುವುದು ಒಳ್ಳೆಯದು.

ಫೋನಿನ ಚಿತ್ರಗಳ ಗತಿ ಇನ್ನೂ ಸೂಕ್ಷ್ಮ. ವಾಟ್ಸ್ಯಾಪಿನಲ್ಲಿ ಚಿತ್ರವೆಂದು ಕಳುಹಿಸಿದಾಗ ಅದರ ಗಾತ್ರ ಕುಗ್ಗುತ್ತದೆ. ತೆಗೆದ ದಿನ, ಸ್ಥಳದ ವಿವರಗಳೂ ಅಳಿಸಿಹೋಗುತ್ತವೆ. ಫೋನು ಕಳೆದರೆ ಹತ್ತು ವರ್ಷದ ಪ್ರವಾಸ ಒಂದೇ ದಿನ ಕಳೆಯುತ್ತದೆ. ವರ್ಷಕ್ಕೊಮ್ಮೆ ಇಪ್ಪತ್ತು ಚಿತ್ರ ಆರಿಸಿ ಕಾಗದದ ಮೇಲೆ ಮುದ್ರಿಸಿ, ಮೂಲ ಚಿತ್ರಗಳನ್ನು ಎರಡು ಕಡೆ ಇಟ್ಟರೆ ದೊಡ್ಡ ಖರ್ಚೇನೂ ಆಗುವುದಿಲ್ಲ.

ಗ್ರೀನ್‌ಲಾನ ಕಾಗದಗಳು ಉಳಿದದ್ದು ಯಾರೂ ಬಿಸಾಡಲಿಲ್ಲವೆಂಬ ಕಾರಣಕ್ಕೆ. ಕಾಶಿ, ಕಾಶ್ಮೀರ, ಕ್ಯಾಲಿಫೋರ್ನಿಯ ಎಲ್ಲವನ್ನೂ ನೋಡಿ ಬನ್ನಿ, ಪಟ ತೆಗೆಯಿರಿ. ವರ್ಷಕ್ಕೆ ಒಂದು ದಿನವನ್ನು ಮಾತ್ರ ಇದೇ ಊರಿನ ಪ್ರವಾಸಕ್ಕೆ ಇಡಿ. ಪ್ರತಿ ವರ್ಷ ಅದೇ ಬೀದಿಯ ಮೂಲೆಯಲ್ಲಿ, ಅದೇ ಕೆರೆಯ ಏರಿಯ ಮೇಲೆ ನಿಂತು ಒಂದೊಂದು ಪಟ ತೆಗೆಯಿರಿ. ಇಪ್ಪತ್ತು ವರ್ಷದ ನಂತರ ಕೆರೆ ಎಷ್ಟಿತ್ತು, ಎಷ್ಟಾಗಿದೆ ಎಂಬ ವಾದ ಎದ್ದಾಗ, ಮಾತಿನ ಬದಲು ಆ ಇಪ್ಪತ್ತು ಪಟಗಳನ್ನು ಮೇಜಿನ ಮೇಲೆ ಹರಡಬಹುದು.