ಕೊಳ್ಳದವರು ಬೆಲೆ ಕೇಳಬಹುದೇ?



ಶೂ ಕೊಳ್ಳಬೇಕಾಗಿದೆ ಎಂದುಕೊಳ್ಳಿ. ಅಂಗಡಿಗೆ ಹೋಗುತ್ತೀರಿ. ಅಂಗಡಿಯ ಹುಡುಗ ಏಣಿ ಹತ್ತಿ ಡಬ್ಬಿ ಇಳಿಸುತ್ತಾನೆ. ಎಂಟನೇ ನಂಬರು ಬಿಗಿಯಾದರೆ ಒಳಗೆ ಹೋಗಿ ಒಂಬತ್ತು ತರುತ್ತಾನೆ. ಮೊಣಕಾಲೂರಿ ಕೂತು ಲೇಸು ಕಟ್ಟಿ, ‘ನಾಲ್ಕು ಹೆಜ್ಜೆ ನಡೆದು ನೋಡಿ ಸಾರ್’ ಅನ್ನುತ್ತಾನೆ. ಅಳತೆ ಗೊತ್ತಾಯಿತು, ಬಣ್ಣ ಗೊತ್ತಾಯಿತು. ‘ಆಮೇಲೆ ಬರ್ತೀನಿ’ ಎಂದು ಎದ್ದು, ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಮೊಬೈಲಿನಲ್ಲಿ ಅದೇ ಶೂವನ್ನು ಕಡಿಮೆ ಬೆಲೆಗೆ ಆರ್ಡರ್ ಮಾಡುತ್ತೀರಿ. ಅಲ್ಲಿ ಕೊಳ್ಳುವುದಿಲ್ಲ ಎಂದು ಒಳಗೆ ಕಾಲಿಡುವ ಮೊದಲೇ ತೀರ್ಮಾನವಾಗಿತ್ತು. ಯಾರ ಜೇಬಿಗೂ ಕೈ ಹಾಕಿಲ್ಲ, ಯಾರನ್ನೂ ಬೈದಿಲ್ಲ. ಆದರೂ ಇದರಲ್ಲಿ ತಪ್ಪೇನಾದರೂ ಇದೆಯೇ?

ಇದೆ ಅನ್ನುತ್ತದೆ ಯೆಹೂದಿ ಧರ್ಮಶಾಸ್ತ್ರ. ಹಾಗೆ ಹೇಳಿದ್ದು ಮೊಬೈಲ್ ಬಂದ ಮೇಲಲ್ಲ. ಕ್ರಿ.ಶ. 200ರ ಸುಮಾರಿಗೆ ಗಲಿಲಾಯದಲ್ಲಿ ರಬ್ಬಿ ಯೆಹೂದ ಎಂಬ ಧರ್ಮಗುರುಗಳು ಮಿಶ್ನಾ ಎಂಬ ಶಾಸ್ತ್ರಗ್ರಂಥವನ್ನು ಸಂಗ್ರಹಿಸಿದರು. ಅದರ ಬಾವಾ ಮೆತ್ಸಿಯಾ ಎಂಬ ಭಾಗದ ನಾಲ್ಕನೆಯ ಅಧ್ಯಾಯ ವ್ಯಾಪಾರದ ಮೋಸಕ್ಕೆ ಮೀಸಲು. ನ್ಯಾಯವಾದ ಬೆಲೆಗಿಂತ ಆರನೇ ಒಂದು ಪಾಲು ಹೆಚ್ಚು ವಸೂಲಿ ಮಾಡಿದರೆ ಅದು ಮೋಸ ಎಂಬಂಥ ಲೆಕ್ಕಾಚಾರಗಳು ಅಲ್ಲಿವೆ. ಆ ಲೆಕ್ಕಗಳ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಕೊಡುಕೊಳ್ಳುವುದರಲ್ಲಿ ಅನ್ಯಾಯವಾಗುವ ಹಾಗೆಯೇ ಮಾತಿನಲ್ಲೂ ಅನ್ಯಾಯವಾಗುತ್ತದೆ. ಅದಕ್ಕೆ ಕೊಟ್ಟ ಮೊದಲ ಉದಾಹರಣೆ ಬೈಗುಳವಲ್ಲ, ಶಾಪವೂ ಅಲ್ಲ. ಕೊಳ್ಳುವ ಮನಸ್ಸೇ ಇಲ್ಲದವನು ವಸ್ತುವಿನ ಬೆಲೆ ಕೇಳಬಾರದು ಎನ್ನುವುದು ಆ ಉದಾಹರಣೆ.

ಅಂಗಡಿಯವನು ಗಿರಾಕಿ ಬಂದನೆಂದು ಎದ್ದು ನಿಲ್ಲುತ್ತಾನೆ. ಬೆಳಗಿನ ಬೋಣಿ ಆಯಿತೆಂದು ಹಿಗ್ಗುತ್ತಾನೆ. ಆ ಆಸೆಯನ್ನು ಎಬ್ಬಿಸಿದವರು ನಾವು, ಬೇಕೆಂದೇ ಎಬ್ಬಿಸಿ ಬಿಟ್ಟುಹೋಗುವವರೂ ನಾವು. ಹಾಗಾದರೆ ನಾಲ್ಕು ಅಂಗಡಿ ತಿರುಗಿ ವಿಚಾರಿಸುವುದೂ ತಪ್ಪೇ ಎಂದರೆ, ಅಲ್ಲ. ಎಲ್ಲಿ ಹಿಡಿಸುತ್ತದೋ ಅಲ್ಲಿ ಕೊಳ್ಳೋಣ ಎಂದುಕೊಂಡು ಕೇಳುವುದು ಸಹಜ ವ್ಯವಹಾರ. ವ್ಯತ್ಯಾಸವಿರುವುದು ಮನಸ್ಸಿನೊಳಗೆ. ಅಂಗಡಿಯವನಿಗೆ ಅದು ಕಾಣುವುದಿಲ್ಲ, ಯಾವ ನ್ಯಾಯಾಧೀಶನಿಗೂ ಕಾಣುವುದಿಲ್ಲ. ಆದ್ದರಿಂದಲೇ ಮಿಶ್ನಾವನ್ನು ಚರ್ಚಿಸುವ ತಾಲ್ಮುದ್ ಎಂಬ ಗ್ರಂಥದ ಪಂಡಿತರು, ಹೃದಯಕ್ಕಷ್ಟೇ ಗೊತ್ತಿರುವ ಇಂಥ ವಿಷಯಗಳಲ್ಲಿ ಧರ್ಮಗ್ರಂಥ ದೇವರ ಭಯವನ್ನು ಬೇರೆಯಾಗಿ ನೆನಪಿಸುತ್ತದೆ ಎಂದರು. ಹಣದ ಮೋಸ ದೊಡ್ಡದೋ, ಮಾತಿನ ನೋವು ದೊಡ್ಡದೋ ಎಂಬ ಚರ್ಚೆಯೂ ಅವರಲ್ಲಿ ನಡೆದಿದೆ. ಮಾತಿನದೇ ದೊಡ್ಡದು ಎಂದವರು ಕೊಟ್ಟ ಕಾರಣ ಸರಳವಾಗಿದೆ. ಹಣವಾದರೆ ಹಿಂದಕ್ಕೆ ಕೊಡಬಹುದು, ಆದ ನೋವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಈ ಕಾರಣ ನನಗೆ ಪೂರ್ತಿ ಒಪ್ಪಿಗೆ. ಪೊಲೀಸರಿಗೆ ದೂರು ಕೊಡಲಾಗದ, ಡಾಕ್ಟರಿಗೆ ತೋರಿಸಲಾಗದ ನೋವುಗಳನ್ನೂ ನೋವೆಂದೇ ಎಣಿಸಿ, ಅವಕ್ಕೂ ಕಟ್ಟಳೆ ಮಾಡಿಟ್ಟಿರುವುದು ಈ ಪರಂಪರೆಯಲ್ಲಿ ನಾನು ಬಹಳ ಮೆಚ್ಚುವ ಸಂಗತಿ.

ಕಣ್ಣಿಗೆ ಕಾಣದ ಇಂಥ ಇನ್ನೊಂದು ನೋವು ಗುಟ್ಟು ಬಯಲಾಗುವುದು. ಸಾವಿರ ವರ್ಷದ ಹಿಂದೆ ಜರ್ಮನಿಯ ಮೈನ್ಸ್ ನಗರದಲ್ಲಿ ರಬ್ಬಿ ಗೆರ್ಶೋಮ್ ಎಂಬ ದೊಡ್ಡ ಗುರುಗಳಿದ್ದರು. ಅವರ ಹೆಸರಿನಲ್ಲಿ ನಡೆದುಬಂದ ಕಟ್ಟಳೆಗಳಲ್ಲಿ ಒಂದು, ಇನ್ನೊಬ್ಬರ ಕಾಗದವನ್ನು ಅವರ ಒಪ್ಪಿಗೆಯಿಲ್ಲದೆ ಓದಬಾರದು ಎನ್ನುವುದು. ಓದಿದವರಿಗೆ ಬಹಿಷ್ಕಾರ. ಅಂಚೆ ಇಲಾಖೆಯೇ ಇಲ್ಲದ ಕಾಲ ಅದು. ಕಾಗದ ಹೋಗುತ್ತಿದ್ದುದು ಆ ದಿಕ್ಕಿಗೆ ಹೊರಟವರ ಕೈಯಲ್ಲಿ. ಆಮೇಲೆ ಸುಮಾರು ನೂರು ವರ್ಷಕ್ಕೆ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ನಮ್ಮ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಏಡನ್ನಿನ ಗೆಳೆಯರು ಅವನಿಗೆ ಬರೆದ ಕಾಗದಗಳು ಕೈರೋದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಸಿಕ್ಕಿವೆ. ಮೆಣಸು, ಅಡಿಕೆ, ಕಬ್ಬಿಣದ ಲೆಕ್ಕ ಅವುಗಳಲ್ಲಿದೆ. ಉಡುಗೊರೆಯಾಗಿ ಕಳಿಸಿದ ಸಕ್ಕರೆ, ಒಣದ್ರಾಕ್ಷಿಯ ಪಟ್ಟಿ ಇದೆ, ಮನೆಮಂದಿಯ ಸುದ್ದಿಯೂ ಇದೆ. ಅಂಥ ಕಾಗದವನ್ನು ಒಡೆದು ನೋಡುವುದು ತಂದುಕೊಡುವವನಿಗೆ ಎಷ್ಟು ಸುಲಭವಾಗಿದ್ದಿರಬೇಕು ಯೋಚಿಸಿ. ವ್ಯಾಪಾರಿಗೆ ಕಾಗದದ ಗುಟ್ಟೆಂದರೆ ಬದುಕಿನ ಗುಟ್ಟು.

ಇವತ್ತಿನ ರಬ್ಬಿಗಳು ಮೈನ್ಸಿನ ಆ ಕಟ್ಟಳೆಯನ್ನು ಇಮೇಲಿಗೂ ಮೊಬೈಲಿಗೂ ಅನ್ವಯಿಸುತ್ತಾರೆ. ಗಂಡ ಸ್ನಾನಕ್ಕೆ ಹೋದಾಗ ಹೆಂಡತಿ ಅವನ ಫೋನು ತೆರೆಯಬಾರದು, ಹೆಂಡತಿಯದನ್ನು ಗಂಡನೂ ತೆರೆಯಬಾರದು. ಹದಿನಾಲ್ಕರ ಮಗನ ಫೋನನ್ನು ತಾಯಿ ನೋಡಬಹುದೇ ಎಂದರೆ ಮಾತ್ರ ಉತ್ತರ ಅಷ್ಟು ಸಲೀಸಲ್ಲ. ನಿಜವಾದ ಅಪಾಯ ತಪ್ಪಿಸುವುದಕ್ಕಾದರೆ ನೋಡಬಹುದು ಎನ್ನುವವರಿದ್ದಾರೆ. ಬರೀ ಕುತೂಹಲಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ.

ಇನ್ನು, ಸತ್ಯವೇ ಆದರೂ ನೋಯಿಸುವ ಮಾತಿನ ವಿಚಾರ. ಇಂದಿನ ಬೆಲಾರೂಸಿನಲ್ಲಿರುವ ರಾದಿನ್ ಎಂಬ ಸಣ್ಣ ಊರಿನಲ್ಲಿ ಇಸ್ರಾಯೇಲ್ ಮೇಯಿರ್ ಕಗಾನ್ ಎಂಬ ರಬ್ಬಿ ಇದ್ದರು. ಹೆಂಡತಿ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದರು, ಇವರು ಓದುತ್ತ ಬರೆಯುತ್ತ ಇದ್ದರು. 1873ರಲ್ಲಿ ಅವರು ಹಾಫೆಟ್ಸ್ ಹಾಯಿಮ್ ಎಂಬ ಪುಸ್ತಕ ಪ್ರಕಟಿಸಿದರು. 1933ರಲ್ಲಿ ತೀರಿಕೊಂಡ ಅವರನ್ನು ಜನ ಇವತ್ತಿಗೂ ಕರೆಯುವುದು ಆ ಪುಸ್ತಕದ ಹೆಸರಿನಿಂದಲೇ. ಇಡೀ ಪುಸ್ತಕ ಚಾಡಿಮಾತಿನ ಮೇಲೆ. ಇನ್ನೊಬ್ಬರ ಬಗ್ಗೆ ಕೆಟ್ಟದ್ದನ್ನು ಹೇಳುವುದು, ಹೇಳಿದ್ದು ನಿಜವೇ ಆಗಿದ್ದರೂ ತಪ್ಪು ಎಂಬುದು ಅದರ ತಳಹದಿ. ‘ನಾನು ಇದ್ದದ್ದನ್ನೇ ಹೇಳಿದೆ’ ಎಂಬ ಸಮರ್ಥನೆ ಅಲ್ಲಿ ನಡೆಯುವುದಿಲ್ಲ. ಕೇಳಿ ನಂಬಿದವರೂ ಪಾಲುದಾರರು. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಇನ್ನೊಂದು ಗುಂಪಿಗೆ ತಳ್ಳುವವರಿಗೆ ಆ ಪುಸ್ತಕವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಆದರೆ ಕಗಾನ್ ಅವರು ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಿ ಸುಮ್ಮನಾದವರಲ್ಲ. ಸುಮ್ಮನಿದ್ದರೆ ಇನ್ನೊಬ್ಬರು ಹಾಳಾಗುತ್ತಾರೆ ಎಂಬಲ್ಲಿ ಹೇಳಲೇಬೇಕು ಎಂದರು. ಹೇಳುವ ಮುನ್ನ ಸ್ವಂತ ಕಣ್ಣಿನಿಂದ ಕಂಡಿರಬೇಕು, ಒಂದು ಎಳೆಯನ್ನೂ ಹೆಚ್ಚಿಸಬಾರದು, ಮನಸ್ಸಿನಲ್ಲಿ ಹಗೆಯಿರಬಾರದು, ಬೇರೆ ದಾರಿಯೇ ಇರಬಾರದು ಎಂದು ಷರತ್ತುಗಳನ್ನು ಹಾಕಿದರು. ಪಾಲುದಾರಿಕೆಯ ವ್ಯಾಪಾರ ಮತ್ತು ಮದುವೆಯ ವಿಚಾರಣೆ, ಇವೆರಡನ್ನೂ ಹೆಸರಿಸಿಯೇ ಚರ್ಚಿಸಿದರು. ಹುಡುಗನಿಗೆ ದೊಡ್ಡ ಕಾಯಿಲೆಯಿದೆ, ಹುಡುಗಿಯ ಕಡೆಯವರಿಗೆ ಗೊತ್ತಿಲ್ಲ. ಗೊತ್ತಿರುವವರು ಏನು ಮಾಡಬೇಕು? ಹೇಳಿದರೆ ಒಬ್ಬರ ಬಾಳಿಗೆ ಪೆಟ್ಟು, ಹೇಳದಿದ್ದರೆ ಇನ್ನೊಬ್ಬರ ಬಾಳಿಗೆ.

ಈ ಇಕ್ಕಟ್ಟು ನಮ್ಮ ಕಾಲದಲ್ಲಿ ಬೇರೆಯೇ ರೂಪ ತಾಳಿತು. ಪೂರ್ವ ಯುರೋಪಿನ ಮೂಲದ ಯೆಹೂದಿಗಳಲ್ಲಿ ಟೇ-ಸ್ಯಾಕ್ಸ್ ಎಂಬ ಆನುವಂಶಿಕ ಕಾಯಿಲೆ ಇದೆ. ಮಗು ಹುಟ್ಟಿದಾಗ ಮುದ್ದಾಗಿ, ಆರೋಗ್ಯವಾಗಿಯೇ ಇರುತ್ತದೆ. ಕೆಲವು ತಿಂಗಳಾದ ಮೇಲೆ ಮಗುಚಿಕೊಳ್ಳುವುದು, ಕೂರುವುದು ಎಂದು ಕಲಿತದ್ದೆಲ್ಲ ಒಂದೊಂದಾಗಿ ಕಳೆದುಹೋಗುತ್ತದೆ. ಕಣ್ಣು ಮಸುಕಾಗುತ್ತದೆ. ನಾಲ್ಕೈದು ವರ್ಷ ದಾಟುವುದು ಅಪರೂಪ, ಔಷಧಿಯಿಲ್ಲ. ಈ ದೋಷದ ಜೀನನ್ನು ಹೊತ್ತವರು ಅವರಲ್ಲಿ ಸುಮಾರು ಮೂವತ್ತಕ್ಕೊಬ್ಬರು. ಹೊತ್ತವರಿಗೆ ತಮಗೇನೂ ತೊಂದರೆಯಿಲ್ಲ. ಹೊತ್ತವರಿಬ್ಬರು ಮದುವೆಯಾದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

1970ರ ದಶಕದಲ್ಲಿ ರಕ್ತಪರೀಕ್ಷೆ ಬಂತು. ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ ಅವರು, ಮದುವೆಗೆ ಮುಂಚೆ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಆದರೆ ಅದು ಗುಟ್ಟಾಗಿರಬೇಕು ಎಂದು ತಮ್ಮನ್ನು ಕೇಳಿದವರಿಗೆ ಉತ್ತರ ಬರೆದರು. ಗುಟ್ಟು ಯಾಕೆಂದರೆ, ಮದುವೆಗಳನ್ನು ಮನೆಯವರು ಕೂಡಿಸುವ ಸಮುದಾಯದಲ್ಲಿ ಒಬ್ಬ ಹುಡುಗಿಯ ಜೀನಿನ ಸುದ್ದಿ ಹಬ್ಬಿದರೆ ಅವಳ ತಂಗಿಗೂ ಅಣ್ಣನಿಗೂ ಸಂಬಂಧ ಬರುವುದಿಲ್ಲ. ಸತ್ಯವೇ, ವೈದ್ಯಕೀಯ ಸತ್ಯವೇ. ಆದರೂ ಬಾಯಿಂದ ಬಾಯಿಗೆ ದಾಟಿದರೆ ಅದೇ ಚಾಡಿ.

ಬ್ರೂಕ್ಲಿನ್ನಿನ ರಬ್ಬಿ ಯೋಸೆಫ್ ಎಕ್‌ಸ್ಟೈನ್ ಅವರ ನಾಲ್ಕು ಮಕ್ಕಳು ಇದೇ ಕಾಯಿಲೆಯಿಂದ ತೀರಿಕೊಂಡರು. ಅವರು 1980ರ ದಶಕದಲ್ಲಿ ದೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ಮದುವೆಯ ವಯಸ್ಸಿಗೆ ಬರುತ್ತಿರುವ ಹುಡುಗ ಹುಡುಗಿಯರು ರಕ್ತ ಕೊಡುತ್ತಾರೆ. ಸೀಸೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಫಲಿತಾಂಶವನ್ನು ಅವರಿಗೂ ಹೇಳುವುದಿಲ್ಲ, ಅಪ್ಪ ಅಮ್ಮನಿಗೂ ಹೇಳುವುದಿಲ್ಲ. ಸಂಬಂಧದ ಮಾತು ಬಂದಾಗ, ಅದು ಗಟ್ಟಿಯಾಗುವ ಮೊದಲೇ, ಎರಡು ನಂಬರುಗಳನ್ನು ಫೋನಿನಲ್ಲಿ ಒಪ್ಪಿಸುತ್ತಾರೆ. ಹೊಂದುತ್ತದೆ, ಇಲ್ಲವೇ ಹೊಂದುವುದಿಲ್ಲ ಎಂಬಷ್ಟು ಉತ್ತರ ಬರುತ್ತದೆ. ಇಬ್ಬರಲ್ಲೂ ಅದೇ ದೋಷವಿದ್ದರೆ ಮಾತು ಅಲ್ಲಿಗೆ ನಿಲ್ಲುತ್ತದೆ, ಊರಿಗೆ ಕಾರಣ ತಿಳಿಯುವುದಿಲ್ಲ. ಜೀನ್ ಇರುವವರು ಇಲ್ಲದವರನ್ನು ಮದುವೆಯಾದರೆ ತಮ್ಮೊಳಗೆ ಅದಿತ್ತೆಂದು ಅವರಿಗೆ ತಿಳಿಯುವುದೇ ಇಲ್ಲ.

ನನ್ನ ದೇಹದ ವಿಷಯ ನನಗೇ ಹೇಳದಿರುವುದು ಸರಿಯೇ ಎಂದು ಅನೇಕ ವೈದ್ಯರು, ಕೆಲವು ರಬ್ಬಿಗಳೂ ಆಕ್ಷೇಪಿಸಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಹದಿನೇಳರ ಹುಡುಗಿಯೊಬ್ಬಳು ತನ್ನದಲ್ಲದ ತಪ್ಪಿಗೆ ತಲೆತಗ್ಗಿಸಿ ನಡೆಯುವುದು ತಪ್ಪಿತಲ್ಲ, ಮಕ್ಕಳ ಸಾವೂ ತಪ್ಪಿತಲ್ಲ ಎಂದು ನೋಡಿದರೆ ನಾನು ಎಕ್‌ಸ್ಟೈನ್ ಅವರ ಪಕ್ಷವೇ.

ಪೂರ್ವ ಯುರೋಪಿನ ಮೂಲದ ಇದೇ ಯೆಹೂದಿಗಳಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ದಾರಿ ಮಾಡುವ ಬಿಆರ್‌ಸಿಎ ಜೀನಿನ ದೋಷ ಸುಮಾರು ನಲವತ್ತಕ್ಕೊಬ್ಬರಲ್ಲಿದೆ. ಅಲ್ಲಿ ಫಲಿತಾಂಶವನ್ನು ಹೇಳದಿರುವ ಈ ಏರ್ಪಾಡು ನಡೆಯುವುದಿಲ್ಲ. ಇದನ್ನು ಹೊತ್ತವಳಿಗೇ ಅಪಾಯ. ಗೊತ್ತಾದರೆ ತಪಾಸಣೆಯಿಂದ, ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಬಹುದು. ಜೀವ ಉಳಿಸುವುದಕ್ಕೆ ಸಬ್ಬತ್ ಎಂಬ ವಾರದ ವಿಶ್ರಾಂತಿದಿನದ ಕಟ್ಟಳೆಯನ್ನೂ ಮುರಿಯಬೇಕು ಎನ್ನುವ ಧರ್ಮದಲ್ಲಿ, ಆ ಹೆಣ್ಣುಮಗಳಿಂದಲೇ ಅದನ್ನು ಮುಚ್ಚಿಡುವ ಪ್ರಶ್ನೆಯೇ ಇಲ್ಲ. ಜೆರುಸಲೇಮಿನ ಶಾರೆ ತ್ಸೆದೆಕ್ ಆಸ್ಪತ್ರೆಯ ತಳಿವಿಜ್ಞಾನಿ ಎಫ್ರಾತ್ ಲೆವಿ-ಲಹಾದ್ ಅವರು, ಕುಟುಂಬದಲ್ಲಿ ಕ್ಯಾನ್ಸರ್ ಇರಲಿ ಬಿಡಲಿ ಈ ಪರೀಕ್ಷೆ ಆ ಮೂಲದ ಎಲ್ಲ ಹೆಂಗಸರಿಗೂ ಸಿಗಬೇಕು ಎಂದು ವಾದಿಸಿದವರು. ಹಾಗೆ ತಿಳಿದುಕೊಂಡವಳು ವರನಿಗೆ ಯಾವಾಗ ಹೇಳಬೇಕು? ಆರೋಗ್ಯದ ಗಂಭೀರ ವಿಷಯಗಳಲ್ಲಿ ರಬ್ಬಿಗಳು ಸಾಮಾನ್ಯವಾಗಿ ಕೊಡುವ ಉತ್ತರ ಹೀಗಿರುತ್ತದೆ: ಮೊದಲ ಭೇಟಿಯಲ್ಲೇ ಹೇಳಬೇಕಾಗಿಲ್ಲ. ಅವನು ಅವಳನ್ನು ಒಬ್ಬ ವ್ಯಕ್ತಿಯಾಗಿ ಅರಿತುಕೊಳ್ಳುವಷ್ಟು ಭೇಟಿಗಳಾಗಲಿ. ನಿಶ್ಚಿತಾರ್ಥಕ್ಕೆ ಮುಂಚೆ, ಅವಳೇ, ಅವನೊಬ್ಬನಿಗೇ ಹೇಳಲಿ. ಅವನು ಒಲ್ಲೆನೆಂದರೂ ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದಿರುವ ಹೊಣೆ ಅವನ ಮೇಲಿದೆ.